ಒಳಗೆ ಎಂಬ ಪ್ರತ್ಯಯ

ಶಾಬಾನೊ ಪ್ರಕರಣವೆಂದರೆ ನನಗೆ ಮೊದಲು ನೆನಪಾಗುವುದು ರಾಜೀವ್ ಗಾಂಧಿಯವರಲ್ಲ, 179 ರೂಪಾಯಿ 20 ಪೈಸೆ. ಇಂದೋರಿನ ವಕೀಲರೊಬ್ಬರು ನಲವತ್ತಕ್ಕೂ ಹೆಚ್ಚು ವರ್ಷ ಜೊತೆಗೆ ಬಾಳಿದ ಹೆಂಡತಿಗೆ 1978ರಲ್ಲಿ ತಲಾಖ್ ಕೊಟ್ಟರು. ಕೆಳಗಿನ ಕೋರ್ಟು ತಿಂಗಳಿಗೆ 25 ರೂಪಾಯಿ ಜೀವನಾಂಶ ಗೊತ್ತುಮಾಡಿತು. ಹೈಕೋರ್ಟು ಅದನ್ನು ಆ ಮೊತ್ತಕ್ಕೆ ಏರಿಸಿತು. ಇಪ್ಪತ್ತು ಪೈಸೆಯನ್ನೂ ಬಿಡಲೊಲ್ಲದೆ ಅವರು ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಸೋತರು. ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಮತ ನೋಡುವುದಿಲ್ಲ ಎಂದಿತು ನ್ಯಾಯಾಲಯ. ಜೊತೆಗೆ ಸಮಾನ ನಾಗರಿಕ ಸಂಹಿತೆಯ ಉಪದೇಶ ಬೇರೆ. ಅಲ್ಲಿ ಅದು ಬೇಕಿರಲಿಲ್ಲ.

ಗದ್ದಲವೆದ್ದಿತು. 1986ರಲ್ಲಿ ಪಾರ್ಲಿಮೆಂಟು ಬೇರೆ ಕಾಯಿದೆ ಮಾಡಿತು: ವಿಚ್ಛೇದಿತ ಮುಸ್ಲಿಂ ಹೆಂಗಸಿಗೆ ನ್ಯಾಯವಾದ ಏರ್ಪಾಡನ್ನು ಇದ್ದತ್ ಅವಧಿಯೊಳಗೆ ಮಾಡಬೇಕು. ಹೆಚ್ಚುಕಡಿಮೆ ಮೂರು ತಿಂಗಳಿಗೆ ಗಂಡನ ಹೊಣೆ ತೀರಿತೆಂದು ಬಹುಮಂದಿ ಓದಿಕೊಂಡರು. ನಾನೂ ಹಾಗೆಯೇ ಓದಿದ್ದೆ.

ಶಾಬಾನೊ ಪರ ವಾದಿಸಿದ್ದ ಡ್ಯಾನಿಯಲ್ ಲತೀಫಿಯವರು ಆ ಕಾಯಿದೆಯನ್ನೇ ಪ್ರಶ್ನಿಸಿದರು. 2001ರಲ್ಲಿ ಕೋರ್ಟು ಕಾಯಿದೆಯನ್ನು ಉಳಿಸಿಕೊಂಡೇ ಅದರ ಅರ್ಥವನ್ನು ತಿರುಗಿಸಿತು. 'ಅವಧಿಯೊಳಗೆ' ಎಂದರೆ 'ಅವಧಿಗೆ' ಎಂದಲ್ಲ. ಆಕೆಯ ಮುಂದಿನ ಬಾಳಿಗೆ ಬೇಕಾದದ್ದನ್ನೆಲ್ಲ ಆ ಅವಧಿಯೊಳಗೆ ಕೊಡಬೇಕು. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. 125ನೆಯ ಕಲಮಿನ ದಾರಿಯೂ ಮುಚ್ಚಿಲ್ಲವೆಂದು 2024ರಲ್ಲಿ ಅದೇ ಕೋರ್ಟು ಹೇಳಿತು.

ಶಾಬಾನೊ ಮಾತ್ರ ಒತ್ತಡಕ್ಕೆ ಮಣಿದು, ಗೆದ್ದ ತೀರ್ಪು ತನಗೆ ಬೇಡವೆಂದು 1985ರಲ್ಲೇ ಹೇಳಿಬಿಟ್ಟಿದ್ದರು. 1992ರಲ್ಲಿ ತೀರಿಕೊಂಡರು.