ಹೆಲಿಕಾಪ್ಟರ್ ಎಷ್ಟು ವರ್ಷ ಬಾಳುತ್ತೆ? ಸರ್ವಿಸ್ ಲೆಕ್ಕ ಇಲ್ಲಿದೆ

ಗುಬ್ಬಿ: ತಾಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ತಯಾರಿಸುವುದು ಒಂದು ಕೆಲಸವಾದರೆ, ಅದನ್ನು ದಶಕಗಟ್ಟಲೆ ಸುರಕ್ಷಿತವಾಗಿ ಹಾರಿಸೋದು ಇನ್ನೊಂದು ದೊಡ್ಡ ಕೆಲಸ.

ಬೈಕ್ ಸರ್ವಿಸ್‌ಗೆ ನಾವು ಕಿಲೋಮೀಟರ್ ನೋಡ್ತೀವಿ. ಹೆಲಿಕಾಪ್ಟರ್‌ಗೆ ಹಾರಿದ ಗಂಟೆಯ ಲೆಕ್ಕ, ಜತೆಗೆ ವರ್ಷದ ಲೆಕ್ಕ. ಅಮೆರಿಕದ ರಾಬಿನ್ಸನ್ ಆರ್-44 ಎಂಬ ಸಣ್ಣ ಹೆಲಿಕಾಪ್ಟರ್ 2,200 ಗಂಟೆ ಹಾರಿದರೆ ಅಥವಾ 12 ವರ್ಷ ತುಂಬಿದರೆ, ಯಾವುದು ಮೊದಲೋ ಆಗ, ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಶೆಡ್‌ನಲ್ಲಿ ಸುಮ್ನೆ ನಿಂತಿದ್ರೂ ಅಷ್ಟೇ. ರಬ್ಬರ್ ಸೀಲ್ ಗಟ್ಟಿಯಾಗುತ್ತೆ, ಲೋಹಕ್ಕೆ ತುಕ್ಕು ಹಿಡಿಯುತ್ತೆ.

ಕೆಲವು ಬಿಡಿಭಾಗಗಳಿಗೆ ಆಯಸ್ಸೇ ನಿಗದಿ. ಗಂಟೆ ಮುಗಿದರೆ, ನೋಡಲು ಹೊಸದರಂತಿದ್ದರೂ ತೆಗೆದುಹಾಕಲೇಬೇಕು. ಆ ಭಾಗ ಎಷ್ಟು ಹಾರಿದೆ ಎಂಬ ದಾಖಲೆ ಅದರ ಜತೆಗೇ ಸಾಗುತ್ತದೆ. ದಾಖಲೆ ಇಲ್ಲದ ಭಾಗವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೂರಿಸುವಂತಿಲ್ಲ.

ಹೆಚ್ಚು ಕಾಳಜಿ ಬೇಡುವುದು ಗೇರ್‌ಬಾಕ್ಸ್. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್‌ನ ಬಲವನ್ನು ಇದು ಕೆಲವೇ ನೂರು ಸುತ್ತಿಗೆ ಇಳಿಸಿ ಮೇಲಿನ ರೋಟರ್‌ಗೆ ಕೊಡುತ್ತದೆ. ಒಳಗಿನ ಹಲ್ಲು ಸವೆದರೆ ಲೋಹದ ಚೂರು ಎಣ್ಣೆಗೆ ಬೀಳುತ್ತೆ. ಅದನ್ನು ಹಿಡಿಯಲು ಪುಟ್ಟ ಅಯಸ್ಕಾಂತ ಇಟ್ಟಿರುತ್ತಾರೆ. ಸ್ಕಾಟ್ಲೆಂಡ್ ಸಮುದ್ರದಲ್ಲಿ ತೈಲ ಕೆಲಸಗಾರರನ್ನು ಒಯ್ಯುತ್ತಿದ್ದ ಸೂಪರ್ ಪೂಮಾ ಒಂದರಲ್ಲಿ 2009ರ ಮಾರ್ಚ್ 25ರಂದು ಅಂಥದ್ದೊಂದು ಚೂರು ಸಿಕ್ಕಿತ್ತು. ನಿರ್ವಹಣೆಯವರಿಗೂ ತಯಾರಕರಿಗೂ ನಡುವೆ ಫೋನು, ಇಮೇಲ್ ಓಡಾಡಿದವು. ಆದರೆ ಅದು ಗೇರ್ ಒಡೆಯುತ್ತಿರುವ ಸೂಚನೆ ಅಂತ ಯಾರಿಗೂ ಹೊಳೆಯಲಿಲ್ಲ. ಏಪ್ರಿಲ್ 1ರಂದು ಗೇರ್‌ಬಾಕ್ಸ್ ಒಡೆದು, ರೋಟರ್ ಕಳಚಿ, ಒಳಗಿದ್ದ 16 ಮಂದಿಯೂ ಸತ್ತರು. ನಡುವೆ ಹಾರಿದ್ದು ಸುಮಾರು 36 ಗಂಟೆ ಮಾತ್ರ.

ನಮ್ಮ ಧ್ರುವ ಹೆಲಿಕಾಪ್ಟರ್‌ಗೂ ಪೆಟ್ಟು ಬಿದ್ದಿದೆ. 2025ರ ಜನವರಿ 5ರಂದು ಪೋರಬಂದರ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ ಬಿದ್ದು ಮೂವರು ಮೃತಪಟ್ಟರು. ರೋಟರ್ ಬ್ಲೇಡ್‌ಗಳ ಓರೆಯನ್ನು ಬದಲಿಸುವ ಸ್ವಾಶ್‌ಪ್ಲೇಟ್ ಮುರಿದಿದ್ದು ಕಂಡುಬಂತು. ಸೇನೆಯ ಧ್ರುವಗಳು ತಿಂಗಳುಗಟ್ಟಲೆ ನೆಲದಲ್ಲೇ ಉಳಿದವು. ಹಾರಿಸದೆ ನಿಲ್ಲಿಸೋದು ನಷ್ಟವೇ, ಆದರೆ ಅನುಮಾನ ಇದ್ದಾಗ ಬೇರೆ ದಾರಿ ಇರುವುದಿಲ್ಲ.

ಇನ್ನು ದೂಳು. ಎಂಜಿನ್ ಒಳಗಿನ ಬ್ಲೇಡ್, ಹೊರಗಿನ ರೋಟರ್ ಅಂಚು ಎರಡನ್ನೂ ದೂಳು ಮರಳು ಕಾಗದದಂತೆ ತಿಕ್ಕುತ್ತೆ. ಸಮುದ್ರದ ಮೇಲೆ ಹಾರಿ ಬಂದರೆ ಉಪ್ಪು ಹೋಗುವಂತೆ ಎಂಜಿನ್‌ಗೆ ಶುದ್ಧ ನೀರಿನಿಂದ ತೊಳೆತ ಬೇಕು. ಚುನಾವಣೆ ವೇಳೆ ಕಾಲೇಜು ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯುವ ಮುಂಚೆ ಟ್ಯಾಂಕರ್‌ನಿಂದ ನೀರು ಹೊಡೆಸೋದೂ ದೂಳು ಏಳದಿರಲಿ ಅಂತಲೇ. ಆಗ ಮೈದಾನದ ಸುತ್ತಲಿನ ಅಂಗಡಿಯವರು ಟಾರ್ಪಾಲು, ಪ್ಲಾಸ್ಟಿಕ್ ಚೀಲ, ಖಾಲಿ ರಟ್ಟಿನ ಡಬ್ಬಗಳನ್ನು ಒಳಗಿಡಬೇಕು. ಗಾಳಿಗೆ ಹಾರಿ ರೋಟರ್‌ಗೆ ಸಿಕ್ಕರೆ ಅಪಾಯ ಒಳಗಿದ್ದವರಿಗೂ ಇದೆ, ಕೆಳಗೆ ನಿಂತವರಿಗೂ ಇದೆ.