ಕಡಲು ಉಕ್ಕಿದಾಗಲೇ ಎಂಜಿನ್ ನಿಲ್ಲುವುದೇಕೆ?

ಕರಾವಳಿಯ ಮೀನುಗಾರರು ನಡುಗಡಲಿಗಿಂತ ಹೆಚ್ಚಾಗಿ ಹೆದರುವ ಜಾಗವೊಂದಿದೆ. ಅದು ಬಂದರಿನ ಹೊಸ್ತಿಲಿನಂತಿರುವ ಅಳಿವೆ. ಒಂದು ಕಡೆ ನದಿಯ ಸೆಳೆತ, ಇನ್ನೊಂದು ಕಡೆ ಕಡಲಿನ ಅಲೆ, ಕೆಳಗೆ ಜಾಗ ಬದಲಿಸುತ್ತಲೇ ಇರುವ ಮರಳದಿಬ್ಬ. ಅಲ್ಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟನ್ನು ಮಗುಚಲು ಮುಂದಿನ ಅಲೆಯೊಂದೇ ಸಾಕು. ಶಾಂತ ನೀರಿನಲ್ಲಿ ಗಂಟೆಗಟ್ಟಲೆ ತೊಂದರೆಯಿಲ್ಲದೆ ಓಡಿದ ಎಂಜಿನ್ ಇಂಥ ಕಡೆಯಲ್ಲೇ ಕೈಕೊಟ್ಟರೆ ಅದನ್ನು ಹಣೆಬರಹ ಎನ್ನುವುದುಂಟು. ಆದರೆ ಬಹಳಷ್ಟು ಸಲ ಅದು ಹಣೆಬರಹವಲ್ಲ. ಅದರ ಕಾರಣ ಡೀಸೆಲ್ ಎಂಜಿನ್ನಿನ ಹುಟ್ಟಿನಲ್ಲೇ ಇದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚಲು ವಿದ್ಯುತ್ ಕಿಡಿ ಬೇಕು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್ ಕಿಡಿಯೇ ಇಲ್ಲದ ಎಂಜಿನ್ನಿನ ಕನಸು ಕಂಡರು. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಸಿಲಿಂಡರಿನೊಳಗೆ ಗಾಳಿಯನ್ನು ಅದಕ್ಕಿಂತ ಎಷ್ಟೋ ಪಟ್ಟು ಬಿಗಿಯಾಗಿ ಒತ್ತಿದರೆ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಗಾಳಿಗೆ ಇಂಧನವನ್ನು ಸಿಂಪಡಿಸಿದರೆ ಅದು ತಾನೇ ಹೊತ್ತಿಕೊಳ್ಳುತ್ತದೆ.

ತತ್ವವೇನೋ ಸರಳ, ಕಷ್ಟವಿದ್ದುದು ಸಿಂಪಡಿಸುವುದರಲ್ಲಿ. ಒತ್ತಿ ಹಿಡಿದ ಗಾಳಿಯನ್ನು ಎದುರಿಸಿ, ಸರಿಯಾದ ಕ್ಷಣದಲ್ಲಿ, ಅಳತೆ ಮಾಡಿದ ಹನಿಯನ್ನು ಮಂಜಿನಂತೆ ಒಳಗೆ ನುಗ್ಗಿಸಬೇಕು. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್ ನಗರದಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಕೊನೆಗೆ ಡೀಸೆಲ್ ಬೇರೊಂದು ದಾರಿ ಹಿಡಿದರು. ಸಿಲಿಂಡರಿನ ಒತ್ತಡಕ್ಕಿಂತ ಹೆಚ್ಚು ಒತ್ತಡದ ಗಾಳಿಯಿಂದ ಇಂಧನವನ್ನು ಒಳಗೆ ಊದಿಸುವ ಏರ್ಪಾಟು ಅದು. 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಮೊರಿಟ್ಜ್ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಈ ಎಂಜಿನ್ ಇಂಧನದ ಶಾಖದಲ್ಲಿ ಶೇಕಡ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಸಾಮಾನ್ಯ ಉಗಿಯಂತ್ರಗಳು ಅದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ.

ಹೊಸ ಎಂಜಿನ್ ಬೇಗನೆ ನೀರಿಗಿಳಿಯಿತು. 1903ರಲ್ಲಿ ಫ್ರಾನ್ಸಿನ ಕಾಲುವೆ ದೋಣಿ 'ಪೆಟಿ ಪಿಯೆರ್' ಮತ್ತು ರಷ್ಯಾದ ತೈಲದ ಹಡಗು 'ವಾಂಡಾಲ್' ಡೀಸೆಲ್ ಬಲದಿಂದ ಚಲಿಸಿದವು. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಹೊಗೆಗೊಳವೆಯ ಗೋಪುರವಿಲ್ಲದೆಯೇ ಕೋಪನ್‌ಹೇಗನ್‌ನಿಂದ ಬ್ಯಾಂಕಾಕಿಗೆ ಹೊರಟು ಜಗತ್ತನ್ನು ಬೆರಗುಗೊಳಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಡೀಸೆಲ್ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ರಾತ್ರಿ ಕಣ್ಮರೆಯಾದರು. ಅದು ಉಗಿಹಡಗಾಗಿತ್ತೆಂಬುದು ವಿಧಿಯ ವ್ಯಂಗ್ಯ.

ಆದರೆ ಗಾಳಿ ಊದುವ ಯಂತ್ರ ಭಾರವಾದದ್ದು, ಸದಾ ಆರೈಕೆ ಬೇಡುವಂಥದ್ದು. ಎಂಜಿನಿಯರುಗಳ ದಂಡೇ ಇರುವ ಹಡಗಿಗೆ ಅದು ಸರಿ, ಬಡ ಮೀನುಗಾರನ ಬೋಟಿಗಲ್ಲ. ಈ ತೊಡಕನ್ನು ಬಿಡಿಸಿದವರಲ್ಲಿ ಮುಖ್ಯರು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್. ಅವರ ಕಾರ್ಖಾನೆ 1922ರಲ್ಲಿ ಆರಂಭಿಸಿದ ಪ್ರಯತ್ನ 1927ರಲ್ಲಿ ಫಲ ನೀಡಿ, ಗಾಳಿಯ ಹಂಗಿಲ್ಲದೆ ಇಂಧನವನ್ನೇ ನೇರವಾಗಿ ಒತ್ತುವ ಪುಟ್ಟ ಪಂಪು ರಾಶಿ ಸಂಖ್ಯೆಯಲ್ಲಿ ತಯಾರಾಗತೊಡಗಿತು. ಅದರೊಳಗಿನ ಉಕ್ಕಿನ ದಂಡಕ್ಕೂ ಅದು ಜಾರುವ ಕೊಳವೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ತಲೆಗೂದಲು ಅದಕ್ಕಿಂತ ಎಷ್ಟೋ ದಪ್ಪ! ಭಾರತಕ್ಕೆ ಈ ವಿದ್ಯೆ ಬಂದದ್ದು 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಮೂಲಕ. ಬೆಂಗಳೂರಿಗರಿಗೆ ಅದು ಆಡುಗೋಡಿಯ 'ಮೈಕೋ'. 2008ರಲ್ಲಿ ಅದರ ಹೆಸರು ಬಾಷ್ ಎಂದೇ ಬದಲಾಯಿತು.

ಅದೇ 1950ರ ದಶಕದಲ್ಲಿ ನಾರ್ವೆಯ ನೆರವಿನಿಂದ ಕೇರಳದ ಕೊಲ್ಲಂ ಬಳಿ ಯಾಂತ್ರಿಕ ಮೀನುಗಾರಿಕೆಯ ಯೋಜನೆ ಆರಂಭವಾಗಿ, ಮುಂದೆ ಕಾರವಾರಕ್ಕೂ ಬಂತು. ಹಾಯಿ, ಹುಟ್ಟುಗಳ ಜಾಗವನ್ನು ಎಂಜಿನ್ ಆಕ್ರಮಿಸಿತು. ಗಾಳಿಯ ದಿಕ್ಕನ್ನೂ ನೀರಿನ ಸೆಳೆತವನ್ನೂ ಓದಬಲ್ಲವರಾಗಿದ್ದ ಕಡಲ ಮಕ್ಕಳು ಇನ್ನು ಡೀಸೆಲ್ಲಿನ ನಡೆಯನ್ನೂ ಓದಲು ಕಲಿಯಬೇಕಾಯಿತು.

ಈ ಓದಿನ ಸೂತ್ರ ಪಂಪಿನ ಆ ಸೂಕ್ಷ್ಮ ಸಂದಿನಲ್ಲೇ ಅಡಗಿದೆ. ಅಷ್ಟು ನಾಜೂಕಾದ ಯಂತ್ರಕ್ಕೆ ಶತ್ರುಗಳು ಮೂರು: ಕಸ, ನೀರು ಮತ್ತು ಗಾಳಿ. ಕಸ ಉಕ್ಕನ್ನು ಗೀರುತ್ತದೆ, ನೀರು ತುಕ್ಕು ಹಿಡಿಸುತ್ತದೆ. ಗಾಳಿಯ ಗುಳ್ಳೆ ಸ್ಪಂಜಿನಂತೆ ಕುಗ್ಗಿ ಪಂಪಿನ ಒತ್ತಡವನ್ನೆಲ್ಲ ನುಂಗಿಬಿಡುವುದರಿಂದ ನಾಝಲ್ ತೆರೆಯುವುದೇ ಇಲ್ಲ. ಹಾಗಾಗಿ ಅನುಭವಿ ಮೆಕ್ಯಾನಿಕ್ ಮೊದಲು ಪಂಪಿಗೆ ಕೈಹಾಕುವುದಿಲ್ಲ. ಟ್ಯಾಂಕಿನಿಂದ ಹೊರಟು ಪೈಪು, ಫಿಲ್ಟರ್, ಪಂಪು, ನಾಝಲ್ ಎಂದು ಡೀಸೆಲ್ ಹರಿಯುವ ದಾರಿಯಲ್ಲೇ ನಡೆಯುತ್ತಾನೆ.

ಅವನಿಗೆ ಮೊದಲ ಸುಳಿವು ಹೊಗೆ. ಕಪ್ಪು ಹೊಗೆಯೆಂದರೆ ಇಂಧನ ಹೆಚ್ಚು ಅಥವಾ ಗಾಳಿ ಕಡಿಮೆ. ಬಿಳಿಯೆಂದರೆ ಡೀಸೆಲ್ ಉರಿಯದೆ ಹೊರಬರುತ್ತಿರಬಹುದು, ಇಲ್ಲವೇ ನೀರು ಸೇರಿರಬಹುದು. ನೀಲಿಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ತಿರುಗಿಸಿದರೂ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಇಂಧನ ತಲುಪಿಯೇ ಇಲ್ಲ. ಓಡುತ್ತಿದ್ದ ಎಂಜಿನ್ ಸೊರಗಿ ನಿಂತು, ಟ್ಯಾಂಕಿನ ಮುಚ್ಚಳ ತೆರೆದೊಡನೆ ಸರಿಹೋದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ ಎಂದರ್ಥ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದಾಗ ನೊರೆ ಬಂದರೆ ಒಳಗೆ ಗಾಳಿಯಿದೆ; ಗುಳ್ಳೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಒತ್ತುತ್ತಲೇ ಇರಬೇಕು. ಇಲ್ಲೊಂದು ಮೋಸವೂ ಇದೆ. ಪಂಪಿನಿಂದ ಮುಂದಿನ ಪೈಪು ಬಿರುಕು ಬಿಟ್ಟರೆ ಡೀಸೆಲ್ ಸೋರಿ ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಎಳೆಯುವ ಪೈಪಿನಲ್ಲಿ ಬಿರುಕಿದ್ದರೆ ಹೊರಗೆ ಒಂದು ಹನಿಯೂ ಬೀಳದೆ ಗಾಳಿಯೇ ಒಳಗೆ ನುಸುಳಬಹುದು. ಒಣಗಿರುವ ಪೈಪೆಲ್ಲ ಒಳ್ಳೆಯ ಪೈಪಲ್ಲ.

ಈಗ ಅಳಿವೆಯ ಪ್ರಶ್ನೆಗೆ ಮರಳಬಹುದು. ಯಾಂತ್ರಿಕ ಬೋಟುಗಳಿಗೆ ಜೂನ್, ಜುಲೈ ತಿಂಗಳು ಮೀನುಗಾರಿಕೆ ನಿಷೇಧ. ಮಳೆಗಾಲದ ಆ ತೇವದಲ್ಲಿ, ಅರ್ಧ ಖಾಲಿಯಿರುವ ಟ್ಯಾಂಕಿನೊಳಗಿನ ಗಾಳಿಯ ಪಸೆ ಹನಿಗಟ್ಟಿ ತಳ ಸೇರುತ್ತದೆ. ಡೀಸೆಲ್ಲಿಗಿಂತ ನೀರು ಭಾರ. ನೀರೂ ಡೀಸೆಲ್ಲೂ ಸಂಧಿಸುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಶಾಂತ ನೀರಿನಲ್ಲಿ ಈ ರಾಡಿ ತಳದಲ್ಲೇ ಮಲಗಿರುತ್ತದೆ. ಆಗಸ್ಟಿನ ಇನ್ನೂ ಇಳಿಯದ ಅಲೆಗಳು ಬೋಟನ್ನು ಕುಲುಕಿದೊಡನೆ ಅದು ಮೇಲೆದ್ದು ಫಿಲ್ಟರನ್ನು ಕಟ್ಟುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದರೆ ಬೋಟು ಓಲಾಡಿದಾಗ ಪೈಪಿನ ಬಾಯಿ ತೆರೆದು ಗಾಳಿ ಎಳೆಯುತ್ತದೆ. ಕಡಲು ಉಕ್ಕಿದಾಗಲೇ ಎಂಜಿನ್ ನಿಲ್ಲುವ ಗುಟ್ಟು ಇದು.

1990ರ ದಶಕದ ಕೊನೆಯಿಂದ ಕಂಪ್ಯೂಟರ್ ನಿಯಂತ್ರಿತ ಕಾಮನ್ ರೈಲ್ ಪದ್ಧತಿ ಬಂದಿದೆ. ಅದರ ಒತ್ತಡ ಸಾವಿರ ವಾಯುಮಂಡಲವನ್ನು ಮೀರುತ್ತದೆ. ಸಂದಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ಭೇದಿಸಬಲ್ಲದು. ಹಳೆಯ ಎಂಜಿನ್ನಿನಲ್ಲಿ ನಾಝಲ್ಲಿನ ಪೈಪು ಸಡಿಲಿಸಿ ಕೆಟ್ಟ ಸಿಲಿಂಡರನ್ನು ಗುರುತಿಸುತ್ತಿದ್ದ ಪದ್ಧತಿ ಇಲ್ಲಿ ಪ್ರಾಣಾಂತಿಕ. ಉಪಕರಣ ಬದಲಾದರೂ ಶತ್ರುಗಳು ಅವೇ ಮೂರು. ಬೋಟು ನೀರಿಗಿಳಿಯುವ ಮೊದಲು ಟ್ಯಾಂಕಿನ ತಳದ ನೀರನ್ನು ಬಸಿದು, ಹೊಸ ಫಿಲ್ಟರ್ ಹಾಕುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅಳಿವೆಯಲ್ಲಿ ಎಂಜಿನ್ ನಿಂತಾಗ ಮುಂದಿನ ಅಲೆ ಅಷ್ಟು ಹೊತ್ತನ್ನೂ ಕೊಡುವುದಿಲ್ಲ.