ಡಮ್ ಡಮ್ ಜ್ವರ ಕಲಿಸಿದ ಪಾಠ

ಕೋಲ್ಕತ್ತಾದ ಡಮ್ ಡಮ್ ಎಂದರೆ ನಮಗೆ ವಿಮಾನ ನಿಲ್ದಾಣ. ಹಿಂದೆ ವೈದ್ಯರಿಗೆ ಅದು ಜ್ವರವೊಂದರ ಹೆಸರೂ ಆಗಿತ್ತು: ಕಾಲಾ ಅಜಾರ್.

ಇಲ್ಲಿನ ದಂಡಿನಲ್ಲಿದ್ದು ಮರಳಿದ ಸೈನಿಕನೊಬ್ಬ 1900ರಲ್ಲಿ ಇಂಗ್ಲೆಂಡಿನ ನೆಟ್ಲಿ ಸೇನಾ ಆಸ್ಪತ್ರೆಯಲ್ಲಿ ಸತ್ತ. ಸೇನಾವೈದ್ಯ ವಿಲಿಯಂ ಲೀಷ್ಮನ್ ಅವನ ಗುಲ್ಮದಲ್ಲಿ ವಿಚಿತ್ರ ಕಣಗಳನ್ನು ಕಂಡರು. ಅವು ಬೇರೊಂದು ಪರೋಪಜೀವಿಯ ಕೊಳೆತ ಅವಶೇಷವಿರಬೇಕೆಂದು 1903ರಲ್ಲಿ ಬರೆದರು. ಅದೇ ವರ್ಷ ಮದ್ರಾಸಿನ ಸರ್ಕಾರಿ ಆಸ್ಪತ್ರೆಯ ಚಾರ್ಲ್ಸ್ ಡೊನೊವನ್ ಬದುಕಿದ್ದ ರೋಗಿಯಲ್ಲೇ ಅವನ್ನು ತೋರಿಸಿದರು. ಊಹೆ ಬಿದ್ದುಹೋಯಿತು, ಪರೋಪಜೀವಿಗೆ ಇಬ್ಬರ ಹೆಸರೂ ಉಳಿಯಿತು.

ಒಳ್ಳೆಯ ಮದ್ದು ಸಿಕ್ಕಿದ್ದು ಕೋಲ್ಕತ್ತಾದಲ್ಲೇ, ಸಿಯಾಲ್ದಾದ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ. ಉಪೇಂದ್ರನಾಥ ಬ್ರಹ್ಮಚಾರಿ ರೋಗಿಗಳನ್ನು ನೋಡುತ್ತ, ಪಾಠ ಹೇಳುತ್ತ, ನಲ್ಲಿಯೂ ಗ್ಯಾಸೂ ಇಲ್ಲದ ಸಣ್ಣ ಕೋಣೆಯಲ್ಲಿ ಸೀಮೆಎಣ್ಣೆ ದೀಪದಡಿ ದುಡಿದು 1920ರ ಹೊತ್ತಿಗೆ ಯೂರಿಯಾ ಸ್ಟಿಬಮಿನ್ ತಯಾರಿಸಿದರು.

ನಮ್ಮ ಕಂಪನಿಗಳಲ್ಲಿ ತರಬೇತಿಗೆ ಗಂಟೆಗಳ ಲೆಕ್ಕ ಬರೆಯುತ್ತೇವೆ. ಈ ಮೂವರ ಕಲಿಕೆ ಕೆಲಸದ ನಡುವೆಯೇ ನಡೆಯಿತು: ಎದುರಿನ ರೋಗಿಯೇ ಪ್ರಶ್ನೆ, ತಪ್ಪಾದೀತೆಂದು ಮುಚ್ಚಿಡದೆ ಬರೆಯುವುದು, ಇನ್ನೊಬ್ಬರು ತಿದ್ದುವುದು. ಇಂದಿನ ಡಾಕ್ಟರು, ನರ್ಸುಗಳ ಪಾಳಿಯಲ್ಲಿ ಅದಕ್ಕೆ ಬಿಡುವು ಉಳಿಸಿದ್ದೇವೆಯೇ? ಸಣ್ಣ ಕೋಣೆಯಲ್ಲಿ ಹೇಗೋ ಕಲಿಯಬಹುದು. ಯೋಚಿಸಲು ಹೊತ್ತೇ ಇಲ್ಲದಿದ್ದರೆ ಆಗದು.